ನೂರೈವತ್ತು ಲೀಟರ್ ನೀರು, ಒಂದು ಮುದ್ದೆ ಕೋಲು

ಆರ್‌ವಿ ಅಂದರೆ ರಿಕ್ರಿಯೇಷನಲ್ ವೆಹಿಕಲ್. ಬೇಸಿಗೆ ಬಂತೆಂದರೆ ಅಮೆರಿಕಾದ ಹೈವೇಗಳಲ್ಲಿ ಸಾಲುಸಾಲಾಗಿ ಕಾಣಿಸುತ್ತವೆ. ನೋಡದವರಿಗೆ ಹೇಳುವುದಾದರೆ, ಒಂದು ಮಿನಿ ಬಸ್ಸಿನ ಸೀಟುಗಳನ್ನೆಲ್ಲಾ ಕಿತ್ತು ಒಳಗೆ ಒಂದು ಪುಟ್ಟ ಬಾಡಿಗೆ ಮನೆ ಕೂರಿಸಿದ ಹಾಗೆ. ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಬಚ್ಚಲು, ಕಕ್ಕಸು ಎಲ್ಲಾ ಇರುತ್ತೆ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ, ವ್ಯಾನಿನಷ್ಟಿರುವುದು ಕ್ಲಾಸ್ ಬಿ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಹಾಸಿಗೆ ಚಾಚಿಕೊಂಡಿರುವುದು ಕ್ಲಾಸ್ ಸಿ. 2024ರ ಜೂನ್‌ನಲ್ಲಿ ನಾವು ಬಾಡಿಗೆಗೆ ತಗೊಂಡಿದ್ದು 25 ಅಡಿಯ ಕ್ಲಾಸ್ ಸಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಯೆಲ್ಲೋಸ್ಟೋನಿಗೆ, ಒಂಬತ್ತು ದಿನ, ಹೋಗಿ ಬರಲು 2,000 ಮೈಲಿಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಜನ. ನಾನು, ನನ್ನ ಹೆಂಡತಿ, ಊರಿಂದ ಬಂದಿದ್ದ ಅಪ್ಪ, ಅಮ್ಮ.

ಯೆಲ್ಲೋಸ್ಟೋನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬಿಸಿನೀರಿನ ಬುಗ್ಗೆಗಳ ಫೋಟೋಗಳೂ ಬೇಕಾದಷ್ಟಿವೆ. ಹಾಗಾಗಿ ನಾನು ಬರೆಯಲು ಹೊರಟಿರುವುದು ಅದಕ್ಕಿಂತ ಮುಂಚಿನ ಒಂದು ವಾರದ ಬಗ್ಗೆ, ಅಂದರೆ ಸಾಮಾನು ತುಂಬಿದ ಕತೆ.

ಇಷ್ಟು ದೊಡ್ಡ ಗಾಡಿ ಯಾಕೆ ಬೇಕಾಯ್ತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪ ಕೆಎಸ್ಸಾರ್ಟಿಸಿಯಲ್ಲಿ 31 ವರ್ಷ ಡ್ರೈವರ್ ಆಗಿದ್ದವರು. ಹಾಸನ ಮಂಗಳೂರು ರೂಟಿನಲ್ಲಿ ಶಿರಾಡಿ ಘಾಟಿಯನ್ನು ಅದೆಷ್ಟು ಸಾವಿರ ಸಲ ಹತ್ತಿ ಇಳಿದಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಅವರು ಬಂದ ಮೊದಲ ತಿಂಗಳು ಕಾರಿನಲ್ಲಿ ಮಾಂಟೆರೇಗೆ, ಯೊಸೆಮಿಟಿಗೆ ಕರೆದುಕೊಂಡು ಹೋಗಿದ್ದೆವು. ಎರಡು ಸಲವೂ ಅಪ್ಪ ಬೆಳಿಗ್ಗೆ ಕಾಫಿ ಕುಡಿದವರು ಸಂಜೆ ಮನೆಗೆ ಬರುವ ತನಕ ಒಂದು ಗುಟುಕು ನೀರು ಕುಡಿಯಲಿಲ್ಲ. ಬಾಟಲಿ ಕೊಟ್ಟರೆ "ಆಮೇಲ್ ಕುಡೀತೀನಿ ಬಿಡು" ಅಂತ ಬಾಗಿಲ ಪಕ್ಕ ಇಟ್ಟುಬಿಡೋರು. ಇಳಿಯುವಾಗ ನೋಡಿದರೆ ಬಾಟಲಿ ಹಾಗೇ ಇರುತ್ತಿತ್ತು. ಅಪ್ಪನಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಇನ್ನೂ ಏರುತ್ತೆ. ಯೊಸೆಮಿಟಿಯಿಂದ ಬಂದ ರಾತ್ರಿ ಮೀಟರ್ ತೋರಿಸಿದ ನಂಬರ್ ನೋಡಿ ನನಗೆ ಭಯ ಆಯ್ತು.

ಅಮ್ಮನನ್ನು ಕೇಳಿದೆ. ಅವಳು ಅಡುಗೆ ಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. "ಡ್ಯೂಟಿ ಇದ್ದಾಗ್ಲೂ ಹಿಂಗೇ ಕಣೋ. ಬಸ್ಸಲ್ಲಿ ಐವತ್ತು ಜನ ಕೂತಿರ್ತಾರೆ, ನನ್ನೊಬ್ಬನಿಗೋಸ್ಕರ ನಿಲ್ಸೋಕಾಯ್ತದಾ ಅನ್ನೋರು. ಈಗ ಶುಗರ್ ಬಂದ್ಮೇಲೆ ಗಂಟೆಗೊಂದ್ಸಲ ಹೋಗ್ಬೇಕು. ನಿನ್ ಹತ್ರ, ಸೊಸೆ ಹತ್ರ ನಿಲ್ಸಿ ಅಂತ ಕೇಳ್ತಾರಾ?"

ಕೇಳಲ್ಲ. ಯೆಲ್ಲೋಸ್ಟೋನ್ ಅಂದ ತಕ್ಷಣ ಅವರ ಉತ್ತರ ರೆಡಿ ಇತ್ತು. "ನೀವ್ ಹೋಗ್ಬನ್ನಿ ಮಗಾ, ನಾನ್ ಟೀವಿ ನೋಡ್ಕಂಡು ಮನೇಲಿರ್ತೀನಿ." ಜನ್ಮವಿಡೀ ಬೇರೆಯವರನ್ನು ಧರ್ಮಸ್ಥಳ, ಮಂಗಳೂರು ಅಂತ ಕರೆದುಕೊಂಡು ಹೋದ ಮನುಷ್ಯ ಟೀವಿ ನೋಡಿಕೊಂಡು ಇರುತ್ತಾರಂತೆ! ಆವತ್ತೇ ಆರ್‌ವಿ ಬುಕ್ ಮಾಡಿದೆ. ಅಪ್ಪನಿಗೆ ಹೋಟೆಲಿಗಿಂತ ಅಗ್ಗ ಅಂತ ಹೇಳಿದೆ. ಖಂಡಿತಾ ಅಗ್ಗ ಅಲ್ಲ. ಗ್ಯಾಲನ್‌ಗೆ ಎಂಟೋ ಒಂಬತ್ತೋ ಮೈಲಿ ಕೊಡುವ ಗಾಡಿ ಹೇಗೆ ಅಗ್ಗ ಆದೀತು :-)

ಸಾಫ್ಟ್‌ವೇರ್ ಮಂದಿಯ ಹಣೆಬರಹ, ಯಾವ ಕೆಲಸ ಇದ್ದರೂ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯುತ್ತೇವೆ. ಆರ್‌ವಿಗೆ ಅದು ನಿಜಕ್ಕೂ ಬೇಕು. ಕಾರಿಗೆ ಸಾಮಾನು ತುಂಬುವಾಗ ನಾವು ಯೋಚಿಸುವುದು ಡಿಕ್ಕಿಯ ಬಾಗಿಲು ಮುಚ್ಚುತ್ತೋ ಇಲ್ಲವೋ ಅಂತ ಮಾತ್ರ. ಇಲ್ಲಿ ಲೆಕ್ಕ ತೂಕದ್ದು. ಗಾಡಿಯ ಬಾಗಿಲ ಹತ್ತಿರ ಒಂದು ಸ್ಟಿಕ್ಕರ್ ಇರುತ್ತೆ. ಜನ ಮತ್ತು ಸಾಮಾನು ಒಟ್ಟು ಸೇರಿ ಇಷ್ಟು ತೂಕ ಮೀರಬಾರದು ಅಂತ. ನಮ್ಮದರಲ್ಲಿ 1,800 ಪೌಂಡ್ ಅಂತಿತ್ತು, ಅಂದರೆ ಸುಮಾರು 816 ಕೆಜಿ. ಪರವಾಗಿಲ್ಲ, ಧಾರಾಳವಾಗಿದೆ ಅಂದುಕೊಳ್ಳುವಷ್ಟರಲ್ಲಿ ಅದೇ ಸ್ಟಿಕ್ಕರಿನ ಕೆಳಗಿನ ಸಾಲು ಕಾಣಿಸಿತು. ನೀರಿನ ಟ್ಯಾಂಕ್ ತುಂಬಿಸಿದರೆ ಅದರ ತೂಕವೂ ಈ ಲೆಕ್ಕದೊಳಗೇ.

ಆರ್‌ವಿಯಲ್ಲಿ ಮೂರು ಟ್ಯಾಂಕ್. ಒಂದು ಒಳ್ಳೆ ನೀರಿನದು. ಇನ್ನೊಂದು ಸಿಂಕು, ಬಚ್ಚಲಿನ ನೀರು ಸೇರುವ ಗ್ರೇ ಟ್ಯಾಂಕ್. ಮೂರನೆಯದು ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್. ನಮ್ಮ ಗಾಡಿಯ ಒಳ್ಳೆ ನೀರಿನ ಟ್ಯಾಂಕ್ 40 ಗ್ಯಾಲನ್, ಸುಮಾರು 150 ಲೀಟರ್. ಒಂದು ಲೀಟರ್ ನೀರಿಗೆ ಒಂದು ಕೆಜಿ, ಹೈಸ್ಕೂಲ್ ಲೆಕ್ಕ. 150 ಕೆಜಿ ಅಂದರೆ ಇಬ್ಬರು ದಢೂತಿ ಆಸಾಮಿಗಳನ್ನು ಎಕ್ಸ್‌ಟ್ರಾ ಕೂರಿಸಿಕೊಂಡ ಹಾಗೆ. ನಾವು ನಾಲ್ಕು ಜನ ಸೇರಿ 280 ಕೆಜಿ ಅಂತಿಟ್ಟುಕೊಳ್ಳಿ. ಮಿಕ್ಕಿದ್ದು 386. ಹಾಸಿಗೆ, ಪಾತ್ರೆ, ಬಟ್ಟೆ, ಕುರ್ಚಿ, ಅಕ್ಕಿ, ಬೇಳೆ ಎಲ್ಲಾ ಅದರಲ್ಲೇ ಆಗಬೇಕು. ಮೈಲೇಜ್ ಚೆನ್ನಾಗಿ ಬರಲಿ ಅಂತ ಬಹಳ ಜನ ಟ್ಯಾಂಕನ್ನು ಕಾಲುಭಾಗ ಮಾತ್ರ ತುಂಬಿಸಿಕೊಂಡು ಹೊರಡುತ್ತಾರೆ. ಕ್ಯಾಂಪ್‌ಗ್ರೌಂಡಿನಲ್ಲಿ ಹೇಗೂ ನೀರು ಸಿಗುತ್ತಲ್ಲ. ನಾನು ಮಾತ್ರ ಸ್ಪ್ರೆಡ್‌ಶೀಟಿನ ಮೊದಲ ಸಾಲಿನಲ್ಲಿ 'ನೀರು, ಪೂರ್ತಿ' ಅಂತ ಬರೆದು ಆ ಸೆಲ್ಲನ್ನು ಲಾಕ್ ಮಾಡಿದೆ. ಇನ್ನೇನು ಬಿಟ್ಟರೂ ಸರಿ, ನೀರು ಕಮ್ಮಿಯಾಯ್ತು ಅಂತ ಅಪ್ಪನ ಬಾಯಲ್ಲಿ ಒಂದು ನೆಪ ಬರಬಾರದು.

ಇನ್ನು ಅಮ್ಮ. ಅಮ್ಮನ ರಾಶಿ ಲಿವಿಂಗ್ ರೂಮಿನಲ್ಲಿ ಮೂರು ದಿನದಲ್ಲಿ ಬೆಳೆದ ಪರಿ ನೀವು ನೋಡಬೇಕಿತ್ತು. ಪುಳಿಯೋಗರೆ ಗೊಜ್ಜು, ಹುರಿದ ರವೆ, ಅವಲಕ್ಕಿ, ಮೂರು ಥರ ಚಟ್ನಿಪುಡಿ, ಸಾರಿನ ಪುಡಿ, ನಿಪ್ಪಟ್ಟು, ಹತ್ತು ಕೆಜಿ ರಾಗಿ ಹಿಟ್ಟು, ಐದು ಲೀಟರ್ ಕುಕ್ಕರ್, ಕೊನೆಗೆ ಒಂದು ಮುದ್ದೆ ಕೋಲು. ಹಾಸನದಿಂದ ಸೂಟ್‌ಕೇಸಿನಲ್ಲಿ ಬಂದ ಕೋಲು ಅದು.

"ಒಂಬತ್ತು ದಿನಕ್ಕೆ ಮುದ್ದೆ ಕೋಲು ಯಾಕಮ್ಮಾ? ಬ್ರೆಡ್ಡು, ಚಪಾತಿ ಸಾಕು."

"ನಿಮ್ಮಪ್ಪ ಮುದ್ದೆ ಉಂಡ್ರೆ ಶುಗರ್ ನೆಟ್ಟಗಿರ್ತದೆ. ನಿನ್ ಬ್ರೆಡ್ಡು ನೀನೇ ತಿನ್ನು."

ಸರಿ, ಕೋಲಿನ ತೂಕ 400 ಗ್ರಾಂ ಅಂತ ಬರೆದುಕೊಂಡೆ. ಆದರೆ ಮುದ್ದೆಯ ಸಮಸ್ಯೆ ಇರುವುದು ಕೋಲಿನಲ್ಲಿ ಅಲ್ಲ, ಪಾತ್ರೆಯಲ್ಲಿ. ಮುದ್ದೆ ಮಾಡಿದ ಪಾತ್ರೆ ತೊಳೆಯಬೇಕಾದರೆ ನೆನೆಸಿಡಬೇಕು, ಓಡುವ ಗಾಡಿಯಲ್ಲಿ ನೀರು ತುಂಬಿದ ಪಾತ್ರೆ ಇಡುವಂತಿಲ್ಲ. ಅದಕ್ಕೆ ಅಮ್ಮನೂ ನನ್ನ ಹೆಂಡತಿಯೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಹಗಲು ಪುಳಿಯೋಗರೆ, ಚಪಾತಿ, ಅವಲಕ್ಕಿ. ರಾತ್ರಿ ಕ್ಯಾಂಪ್‌ಗ್ರೌಂಡಿನಲ್ಲಿ ಪೈಪಿನ ನೀರು, ಚರಂಡಿ ಕನೆಕ್ಷನ್ ಎರಡೂ ಇರುವ ಕಡೆ ಮಾತ್ರ ಮುದ್ದೆ. ಇಂಥಾ ಒಪ್ಪಂದವನ್ನು ಯಾವ ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲೂ ಮಾಡಿಸಲು ಆಗುತ್ತಿರಲಿಲ್ಲ.

ಬಿಟ್ಟು ಹೊರಟ ಸಾಮಾನುಗಳಿಗೂ ಒಂದೊಂದು ಕಾರಣ ಇತ್ತು. ಕರೆಂಟ್ ಕೆಟಲ್ಲು, ರೈಸ್ ಕುಕ್ಕರ್ ಬೇಡ ಅಂದೆ. ನಮ್ಮ ಗಾಡಿ 30 ಆಂಪಿಯರ್‌ನದು. 120 ವೋಲ್ಟ್‌ಗೆ 3,600 ವ್ಯಾಟ್ ಆಯಿತು. ಏಸಿ ಓಡುತ್ತಿರುವಾಗ ಮೈಕ್ರೋವೇವ್, ಕೆಟಲ್ಲು ಎರಡನ್ನೂ ಹಾಕಿದರೆ ಬ್ರೇಕರ್ ಬೀಳುತ್ತೆ. ಒಲೆ ಪ್ರೋಪೇನ್ ಗ್ಯಾಸಿನದು, ಅದೇ ಸಾಕು. ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಸಿ ಕರಿಬೇವೂ ಬೇಡ ಅಂದೆ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತೆ. ಅದಕ್ಕೇ ಆ ಸೊಪ್ಪಿನ ಸಾಗಣೆಗೆ ಇಲ್ಲಿ ನಿರ್ಬಂಧಗಳಿವೆ. ವಾಪಸ್ಸು ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಟ್ರಕೀ ಹತ್ತಿರ ಗಾಡಿ ನಿಲ್ಲಿಸಿ ಹಣ್ಣು, ಸೊಪ್ಪು ಇದೆಯಾ ಅಂತ ಕೇಳುತ್ತಾರೆ. ಅಮ್ಮ ಆ ಕರಿಬೇವನ್ನೆಲ್ಲಾ ಹುರಿದು ಕುಟ್ಟಿ ನಾಲ್ಕನೇ ಚಟ್ನಿಪುಡಿ ಮಾಡಿದಳು. ನಾವು ಹೊರಡುವಷ್ಟರಲ್ಲಿ ಅದು ಖಾಲಿಯೂ ಆಯ್ತು!

ಚೊಂಬಿನ ವಿಷಯ ಹೇಳದೇ ಇದ್ದರೆ ಈ ಬರಹ ಪೂರ್ತಿಯಾಗಲ್ಲ. ಆರ್‌ವಿಗೆ ಬೇಗ ಕರಗುವ ಟಾಯ್ಲೆಟ್ ಪೇಪರ್ ಬೇರೆಯೇ ಸಿಗುತ್ತೆ. ಒಂದು ಕಟ್ಟು ತಂದಿಟ್ಟಿದ್ದೆ. ಅಪ್ಪ ಅದನ್ನು ನೋಡಿ ಏನೂ ಮಾತಾಡದೆ ಒಂದು ಪ್ಲಾಸ್ಟಿಕ್ ಚೊಂಬು ತಂದು ಪಕ್ಕದಲ್ಲಿಟ್ಟರು. ಚೊಂಬಿಗೆ ನೀರು ಜಾಸ್ತಿ ಬೇಕಲ್ಲಾ ಅಂತ ಓದಲು ಕೂತರೆ ಗೊತ್ತಾಗಿದ್ದು ಬೇರೆಯೇ. ಬ್ಲ್ಯಾಕ್ ಟ್ಯಾಂಕಿಗೆ ಸಾಕಷ್ಟು ನೀರು ಹೋಗಲೇಬೇಕು. ನೀರು ಕಮ್ಮಿ, ಪೇಪರ್ ಜಾಸ್ತಿ ಆದರೆ ಒಳಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಂತೆ. ನಮ್ಮ ಚೊಂಬಿಗೆ ಅಮೆರಿಕಾದ ಎಂಜಿನಿಯರಿಂಗ್ ಒಪ್ಪಿಗೆ ಸಿಕ್ಕಿತು :-)

ಗಾಡಿ ತಂದ ದಿನ ಅಪ್ಪ ಒಂದು ಸುತ್ತು ಹಾಕಿ ಟೈರುಗಳನ್ನು ಕಾಲಲ್ಲಿ ಒದ್ದು ನೋಡಿ ಕೇಳಿದ ಮೊದಲ ಪ್ರಶ್ನೆ, "ಸ್ಟೆಪ್ನಿ ಎಲ್ಲೈತೆ?" ಸ್ಟೆಪ್ನಿ ಇರಲಿಲ್ಲ. ಪಂಕ್ಚರ್ ಆದರೆ ಫೋನ್ ಮಾಡಬೇಕು, ಅವರೇ ಬರುತ್ತಾರೆ ಅಂದೆ. ಅಪ್ಪ ನನ್ನನ್ನೂ ಗಾಡಿಯನ್ನೂ ಒಂದು ಥರಾ ನೋಡಿದರು. ಆಮೇಲೆ ಸಾಮಾನು ತುಂಬುವ ಕೆಲಸ ಪೂರ್ತಿ ಅವರ ಕೈಗೆ ಹೋಯಿತು. ನನ್ನ ಸ್ಪ್ರೆಡ್‌ಶೀಟಿನಲ್ಲಿ ಏನು ತಗೊಂಡು ಹೋಗಬೇಕು ಅಂತ ಇತ್ತು, ಎಲ್ಲಿ ಇಡಬೇಕು ಅಂತ ಇರಲಿಲ್ಲ. ಅದು ಅಪ್ಪನ ತಲೆಯಲ್ಲಿತ್ತು.

"ಭಾರ ಇರೋದೆಲ್ಲಾ ಕೆಳಗೆ. ಎಡಕ್ಕೊಂದು ಬಲಕ್ಕೊಂದು ಸಮ ಮಾಡು. ಹಿಂದಿನ ತುದೀಗೆ ಭಾರ ಹಾಕ್ದ್ರೆ ಬಾಲ ಅಲ್ಲಾಡ್ತದೆ." ಅಕ್ಕಿ, ರಾಗಿ ಹಿಟ್ಟು ನೆಲದ ಮಟ್ಟದ ಕಪಾಟಿಗೆ. ಕುಕ್ಕರ್ ಸಿಂಕಿನ ಕೆಳಗೆ, ಒಳಗೆ ಟವೆಲ್ ತುರುಕಿ. ಮೇಲಿನ ಕಪಾಟುಗಳಲ್ಲಿ ಬಟ್ಟೆ, ಬ್ರೆಡ್ಡು, ಹಪ್ಪಳ ಮಾತ್ರ. "ಬ್ರೇಕ್ ಹಾಕ್ದಾಗ ಮೇಲಿಂದ ಬಂದು ತಲೆಗೆ ಬಿದ್ರೂ ನೋವಾಗ್ಬಾರ್ದು, ಅಂಥಾದ್ದು ಮಾತ್ರ ಮೇಲಿಡ್ಬೇಕು." ಗಾಜಿನ ಬಾಟಲಿಗಳೆಲ್ಲಾ ಮನೆಯಲ್ಲೇ ಉಳಿದವು. ಸ್ಟೀಲ್ ಡಬ್ಬಿಗಳ ಮಧ್ಯೆ ಅಮ್ಮನ ಹಳೇ ಕಾಟನ್ ಸೀರೆಯ ತುಂಡುಗಳನ್ನು ತುರುಕಿದ್ದರಿಂದ 2,000 ಮೈಲಿಯಲ್ಲಿ ಒಂದು ಡಬ್ಬಿಯೂ ಸದ್ದು ಮಾಡಲಿಲ್ಲ.

ನೀರಿನ ಟ್ಯಾಂಕ್ ತುಂಬಿಸುವಾಗ ಮಾತ್ರ ಅಪ್ಪ ತಕರಾರು ತೆಗೆದರು. "ಅಷ್ಟೊಂದ್ ನೀರು ಯಾಕ್ಲಾ? ಸುಮ್ನೆ ತೂಕ. ದಾರೀಲಿ ಸಿಗಕ್ಕಿಲ್ವಾ?" ನಾನು "ನೆವಾಡಾ ಬರೀ ಮರುಭೂಮಿ ಅಪ್ಪಾ" ಅಂದೆ. ಸುಳ್ಳೇನಲ್ಲ.

ಇನ್ಸುಲಿನ್ ಎಲ್ಲಿಡಬೇಕು ಅನ್ನುವುದು ನನ್ನ ತಲೆಬಿಸಿ. ತೆರೆಯದ ಪೆನ್ನುಗಳು 2ರಿಂದ 8 ಡಿಗ್ರಿಯಲ್ಲಿರಬೇಕು, ಹಾಗಂತ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ ಲೆಕ್ಕ. ನಮ್ಮ ಗಾಡಿಯ ಫ್ರಿಜ್ಜು ಗ್ಯಾಸಿನಲ್ಲೂ ನಡೆಯುವಂಥದ್ದು, ಆ ಜಾತಿಯ ಫ್ರಿಜ್ಜಿಗೆ ಗಾಡಿ ಸಮತಟ್ಟಾಗಿ ನಿಂತಿರಬೇಕು. ಹಿಂದಿನ ಲೋಹದ ಪಟ್ಟಿಗಳ ಹತ್ತಿರ ತೀರಾ ತಣ್ಣಗಾಗುತ್ತೆ. ಹಾಗಾಗಿ ಫ್ರಿಜ್ಜಿನ ಬಾಗಿಲ ಶೆಲ್ಫಿನಲ್ಲಿ ಡಬ್ಬಿಯೊಳಗೆ ಪೆನ್ನುಗಳು, ಪಕ್ಕದಲ್ಲಿ ಒಂದು ಥರ್ಮಾಮೀಟರ್. ಬಳಸುತ್ತಿದ್ದ ಪೆನ್ನು ಅಮ್ಮನ ಕೈಚೀಲದಲ್ಲಿ.

ಎಲ್ಲಾ ಆಯ್ತು. ಆದರೆ ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ ಒಂದು ಮಾತು ಹೇಳಿದಳು. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿಕೊಂಡು ಕೂತಿರಬೇಕು, ಎದ್ದು ಕಕ್ಕಸಿಗೆ ಹೋಗುವಂತಿಲ್ಲ. ಅಂದರೆ ಕಕ್ಕಸು ಹತ್ತು ಅಡಿ ಹಿಂದೆಯೇ ಇದ್ದರೂ ಮಾವ 'ನಿಲ್ಸು' ಅಂತ ಕೇಳಲೇಬೇಕು. "ಅವ್ರು ಕೇಳಲ್ಲ ಅಂತಾನೇ ತಾನೇ ಇಷ್ಟೆಲ್ಲಾ ಮಾಡಿದ್ದು? ಕೇಳೋ ಹಾಗೇ ಇರಬಾರದು ಕಣ್ರೀ."

ಅವಳು ಮ್ಯಾಪ್ ತೆಗೆದುಕೊಂಡು ಕೂತಳು. ರೀನೋ ದಾಟಿದ ಮೇಲೆ ಫರ್ನ್ಲಿ, ಲವ್‌ಲಾಕ್, ವಿನ್ನೆಮುಕ್ಕಾ, ಬ್ಯಾಟಲ್ ಮೌಂಟನ್, ಎಲ್ಕೋ, ವೆಲ್ಸ್. ಇಂಟರ್‌ಸ್ಟೇಟ್ 80ರಲ್ಲಿ ಐವತ್ತು, ಅರವತ್ತು, ಎಪ್ಪತ್ತು ಮೈಲಿಗೊಂದು ಊರು, ಸರಿಸುಮಾರು ಗಂಟೆಗೊಂದು. ಆಮೇಲೆ ಉತ್ತರಕ್ಕೆ ತಿರುಗಿ ಜ್ಯಾಕ್‌ಪಾಟ್, ಐಡಹೋದ ಟ್ವಿನ್ ಫಾಲ್ಸ್. ಊರು, ಸಮಯ, 'ನಿಲುಗಡೆ 10 ನಿಮಿಷ' ಅಂತ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬೆಳಿಗ್ಗೆ ಅಪ್ಪನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, "ಮಾವ, ಪ್ರತಿ ಸ್ಟಾಪಲ್ಲೂ ಟೈರು ನೋಡ್ಬೇಕು, ಕಿಲೋಮೀಟ್ರು ಬರ್ಕೋಬೇಕು, ಟ್ಯಾಂಕ್‌ಗಳ ಲೆವೆಲ್ಲು ಬರ್ಕೋಬೇಕು. ಇವ್ರಿಗೆ ಇದೆಲ್ಲಾ ಗೊತ್ತಾಗಲ್ಲ" ಅಂದಳು. (ಇವ್ರು ಅಂದರೆ ನಾನು.)

ಅಪ್ಪ ಕನ್ನಡಕ ಹಾಕಿಕೊಂಡು ಆ ಟೈಮ್ ಟೇಬಲ್ ಓದಿದರು. "ಲಾಗ್ ಶೀಟು ಅನ್ನು" ಅಂದರು. ಸೀಟಿನಲ್ಲಿ ನೆಟ್ಟಗೆ ಕೂತರು.

ಮೊದಲ ಎರಡು ನಿಲುಗಡೆಯಲ್ಲಿ ಟೈರು ನೋಡಿ ಬರೆದುಕೊಂಡರಷ್ಟೇ. ಲವ್‌ಲಾಕ್‌ನಲ್ಲಿ ಇಳಿಯದೆ ಹಿಂದಕ್ಕೆ ಹೋದರು. ನಾವ್ಯಾರೂ ಆ ಕಡೆ ನೋಡಲಿಲ್ಲ. ಅಮ್ಮ ನಿಪ್ಪಟ್ಟಿನ ಡಬ್ಬಿ ತೆಗೆದಳು. ಅಪ್ಪ ವಾಪಸ್ಸು ಬಂದು ಕೂರುವ ಮುಂಚೆ ತಮ್ಮ ಸ್ಟೀಲ್ ಬಾಟಲಿಯ ಮುಚ್ಚಳ ತೆಗೆದು ಅರ್ಧ ಬಾಟಲಿ ನೀರು ಒಂದೇ ಸಲಕ್ಕೆ ಕುಡಿದು, "ಹೊರಡು ರೈಟ್" ಅಂದರು. ಆಮೇಲೆ ಪ್ರತಿ ನಿಲುಗಡೆಯೂ ಹಾಗೇ. ಒಂದೆರಡು ಕಡೆ ನಾನು ನಿಲ್ಲಿಸದೆ ಮುಂದೆ ಹೋಗೋಣ ಅಂದಾಗ, "ಸ್ಟಾಪ್ ಅಂದ್ರೆ ಸ್ಟಾಪು. ಯಾರೂ ಹತ್ತದೇ ಇದ್ರೂ ನಿಲ್ಲಿಸ್ಬೇಕು" ಅಂತ ಗದರಿದರು. ವಿನ್ನೆಮುಕ್ಕಾದಲ್ಲಿ ರಾತ್ರಿ ತಂಗಿದಾಗ ಅಮ್ಮ ಪಾತ್ರೆ ಒರೆಸುತ್ತಾ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. "ನಿಮ್ಮಪ್ಪ ದಾರೀಲಿ ನೀರು ಕುಡ್ದಿದ್ದು ನಾನು ನೋಡಿದ್ದು ಇದೇ ಮೊದ್ಲು."

ಕುಕ್ಕರ್ ಯಾಕೆ ಬೇಕಿತ್ತು ಅನ್ನುವುದು ಯೆಲ್ಲೋಸ್ಟೋನಿನಲ್ಲಿ ಗೊತ್ತಾಯ್ತು. ನಾವಿದ್ದಿದ್ದು ಫಿಷಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ. ಇಡೀ ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ನೀರು, ಕರೆಂಟು, ಚರಂಡಿ ಮೂರೂ ಕನೆಕ್ಷನ್ ಸಿಗುವ ಕ್ಯಾಂಪ್‌ಗ್ರೌಂಡ್ ಅದೊಂದೇ. ಕರಡಿಗಳು ಓಡಾಡುವ ಜಾಗವಾದ್ದರಿಂದ ಟೆಂಟಿಗೆ ಅವಕಾಶ ಇಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಆ ಜಾಗ ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು 92 ಡಿಗ್ರಿ ಆಸುಪಾಸಿನಲ್ಲಿ, ಬೆಂಗಳೂರಲ್ಲಿ 97. ತೊಗರಿಬೇಳೆಯನ್ನು ಬರೀ ಪಾತ್ರೆಯಲ್ಲಿ ಇಟ್ಟಿದ್ದರೆ ರಾತ್ರಿಯಿಡೀ ಕಾಯಬೇಕಿತ್ತು. ಅಮ್ಮನ ಕುಕ್ಕರ್ ನಾಲ್ಕು ವಿಷಲ್ ಹೊಡೆಯಿತು. ಪಕ್ಕದ ಗಾಡಿಯ ಅಜ್ಜ ಬಂದು ಏನಾದರೂ ಲೀಕ್ ಆಗುತ್ತಿದೆಯಾ ಅಂತ ಕೇಳಿದ, ಒಂದು ತುಂಡು ಮುದ್ದೆ, ಬೇಳೆ ಸಾರು ತಿಂದು ಹೋದ. ಮುದ್ದೆಯನ್ನು ಅಗಿಯಬೇಡ, ನುಂಗು ಅಂತ ಅಪ್ಪ ಕೈಸನ್ನೆಯಲ್ಲೇ ಕಲಿಸಿದರು.

ವಾಪಸ್ಸು ಬಂದ ಮೇಲೆ ನಾನು ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿಸಿದೆ, 'ಬಳಸದೆ ವಾಪಸ್ಸು ಬಂದಿದ್ದು' ಅಂತ. ಮಡಚುವ ಕುರ್ಚಿ ನಾಲ್ಕರಲ್ಲಿ ಎರಡು (ಅಪ್ಪ ಅಮ್ಮ ಬಾಗಿಲ ಮೆಟ್ಟಿಲ ಮೇಲೇ ಕೂರುತ್ತಿದ್ದರು), ಬೋರ್ಡ್ ಗೇಮ್, ನನ್ನ ಲ್ಯಾಪ್‌ಟಾಪ್, ಆ ಕರಗುವ ಪೇಪರಿನ ಕಟ್ಟಿನ ಮುಕ್ಕಾಲು ಪಾಲು, ಬ್ರೆಡ್ಡು. ಸಾಲದೇ ಬಂದಿದ್ದು ಎರಡು, ನಿಪ್ಪಟ್ಟು ಮತ್ತು ರಾಗಿ ಹಿಟ್ಟು. ನೀರು ಸಾಲದೇ ಬರಲಿಲ್ಲ. ಅಪ್ಪನ ಲಾಗ್ ಶೀಟಿನ ಪ್ರಕಾರ ಟ್ಯಾಂಕನ್ನು ದಾರಿಯಲ್ಲಿ ಮೂರು ಸಲ ತುಂಬಿಸಿದ್ದೇವೆ. ಮೂರು ಸಲವೂ "ನೀರು ಕಾಲ್ ಭಾಗಕ್ಕೆ ಬಂತು, ತುಂಬ್ಸಪ್ಪಾ" ಅಂತ ಹೇಳಿದ್ದು ಅಪ್ಪನೇ. ತೂಕದ ಮಾತು ಮತ್ತೆ ಬರಲಿಲ್ಲ.

ನೀವೂ ಅಪ್ಪ ಅಮ್ಮನ್ನ ಕರೆದುಕೊಂಡು ದೂರ ಹೊರಡುವವರಿದ್ದರೆ ನನ್ನ ಸ್ಪ್ರೆಡ್‌ಶೀಟ್ ಬೇಕಾದರೆ ಕೇಳಿ, ಕಳಿಸುತ್ತೇನೆ. ಆದರೆ ಅವರು ಬೇಕು ಅಂತ ಹೇಳಿದ್ದು ಮಾತ್ರ ಅದರಲ್ಲಿರುತ್ತೆ. ಹೇಳದೇ ಇರುವುದಕ್ಕೆ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ, ಅದನ್ನು ನಿಮ್ಮ ಮನೆಯ ಅಡುಗೆಮನೆಯಲ್ಲಿ ದನಿ ತಗ್ಗಿಸಿ ವಿಚಾರಿಸಿ ನೀವೇ ತುಂಬಿಕೊಳ್ಳಬೇಕು.

ಮುದ್ದೆ ಕೋಲು ಇಲ್ಲೇ ಬಿಟ್ಟು ಹೋಗಿದ್ದಾರೆ ಅಮ್ಮ. ಮುಂದಿನ ಸಲಕ್ಕಂತೆ.